ಮೂರನೇ ಲೈನಿನ ಅರ್ಜಿ

ದುರ್ಗಿಗುಡಿಯ ನಮ್ಮ ಮನೆಯ ಎದುರಿಗೆ ಇಸ್ತ್ರಿ ಗಾಡಿ ನಿಲ್ಲಿಸಿಕೊಳ್ಳುವ ಶಿವಣ್ಣ ಮೊನ್ನೆ ಮಧ್ಯಾಹ್ನ ಪೆಟ್ಟಿಗೆಯಲ್ಲಿದ್ದ ಕೆಂಡವನ್ನು ಚರಂಡಿಯ ಬದಿಗೆ ಸುರಿದು, ಅದರ ಮೇಲೆ ಒಂದು ಚೊಂಬು ನೀರು ಚೆಲ್ಲಿದ. ಚುಂಯ್ ಎಂದು ಹೊಗೆ ಎದ್ದು, ಒದ್ದೆ ಇದ್ದಿಲಿನ ವಾಸನೆ ನಾನು ಕೂತಿದ್ದ ಜಗಲಿಯವರೆಗೂ ಬಂತು. ಆ ವಾಸನೆ ಬಂದರೆ ನನಗೆ ವಯಸ್ಸು ಮರೆತುಹೋಗುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಆಗೆಲ್ಲ ಇದ್ದಿಲಿನಲ್ಲೇ ಅದಿರು ಕರಗಿಸುತ್ತಿದ್ದರು. ಊರಿಗೆ ಊರೇ ಈ ವಾಸನೆಯಲ್ಲಿ ಏಳುತ್ತಿತ್ತು, ಈ ವಾಸನೆಯಲ್ಲೇ ಮಲಗುತ್ತಿತ್ತು. ಹಗ್ಗದ ಮೇಲೆ ಒಣಹಾಕಿದ ಸೀರೆಗೂ ಅದೇ ವಾಸನೆ, ಒಲೆಯ ಮೇಲಿನ ಸಾರಿಗೂ ಅದೇ.

ಶಿವಣ್ಣ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. ಅವನ ಗಾಡಿ ನಿಲ್ಲುವ ಮೂಲೆಯಲ್ಲಿ ಬೀದಿದೀಪ ಕೆಟ್ಟು ಎರಡು ತಿಂಗಳಾಗಿತ್ತು. ಸಂಜೆ ಆರಾದರೆ ಅವನ ಕೆಲಸ ನಿಂತೇ ಹೋಗುತ್ತಿತ್ತು.

"ಅಮ್ಮಾ, ನಗರಸಭೆಗೆ ಒಂದು ಅರ್ಜಿ ಬರ್ಕೊಡಿ. ಸ್ವಲ್ಪ ಜೋರಾಗಿರ್ಲಿ. ಮಾನ್ಯರೇ, ಮಹನೀಯರೇ ಅಂತೆಲ್ಲ ಹಾಕಿ ಚೆಂದಾಗಿ ಬರೀರಿ. ನೀವು ಓದಿದೋರು" ಅಂದ.

ನನಗೆ ನಗು ತಡೆಯಲಾಗಲಿಲ್ಲ. ಅವನು ಪಾಪ, ಏನು ತಪ್ಪು ಹೇಳಿದೆನೋ ಎಂದು ನಿಂತೇ ಇದ್ದ. ನಾಳೆ ಬರೆದುಕೊಡುತ್ತೇನೆ ಹೋಗು ಎಂದು ಕಳಿಸಿದೆ. ಆಮೇಲೆ ಕಾಫಿ ಕುಡಿಯುವಾಗಲೂ ನಗು ಬರುತ್ತಲೇ ಇತ್ತು.

ನಾನು ಓದಿದವಳು ಎಂಬುದು ಹದಿನೆಂಟನೇ ವಯಸ್ಸಿನಲ್ಲಿ ನನ್ನ ತಲೆಯನ್ನೇ ತಿರುಗಿಸಿತ್ತು. ಆಗ ನಮ್ಮ ಬೀದಿಯಲ್ಲಿ ಹೆಣ್ಣುಮಗಳು ಮಿಡ್ಲ್‌ಸ್ಕೂಲು ಮುಗಿಸಿದರೆ ಅದೇ ಹೆಚ್ಚು. ನಾನು ಹೈಸ್ಕೂಲಿಗೂ ಹೋದೆ, ಭಾಷಣದ ಸ್ಪರ್ಧೆಯಲ್ಲಿ ಹುಡುಗರನ್ನೆಲ್ಲ ಸೋಲಿಸಿ ಒಂದು ಬೆಳ್ಳಿ ಲೋಟವನ್ನೂ ಗೆದ್ದೆ. ಅಪ್ಪ ಆ ಲೋಟವನ್ನು ಬಜಾರಿನ ತಮ್ಮ ಬಟ್ಟೆ ಅಂಗಡಿಯಲ್ಲಿ ದೇವರ ಪಟದ ಪಕ್ಕ ಇಟ್ಟಿದ್ದರು. ಸೀರೆ ಕೊಳ್ಳದೆ ಹೋದ ಗಿರಾಕಿಗಳಿದ್ದರು, ಲೋಟ ನೋಡದೆ ಹೋದವರು ಯಾರೂ ಇರಲಿಲ್ಲ. "ನಮ್ಮ ಗಿರಿಜೆ ಬಾಯಿ ತೆಗೆದ್ರೆ ಮುತ್ತು ಉದುರುತ್ತೆ" ಎಂದು ಅಪ್ಪ ಹೇಳುವಾಗ ನಾನು ಅಲ್ಲೇ ಇದ್ದರೆ, ಎರಡು ಮುತ್ತು ಉದುರಿಸಿಯೂ ತೋರಿಸುತ್ತಿದ್ದೆ.

ನಮಗೆ ಕನ್ನಡ ಕಲಿಸಿದ ಪಂಡಿತರದು ಒಂದೇ ಸೂತ್ರ. "ಮೊದಲು ಸ್ತುತಿ, ಆಮೇಲೆ ವಿನಯ, ಕಟ್ಟಕಡೆಗೆ ವಿಷಯ. ವಿಷಯ ಅನ್ನೋದು ಊಟದಲ್ಲಿ ಮಜ್ಜಿಗೆ ಇದ್ದ ಹಾಗೆ ಕಣಮ್ಮ, ಕೊನೆಗೇ ಬರ್ಬೇಕು" ಎನ್ನುತ್ತಿದ್ದರು. ನಾನು ಅದನ್ನು ವೇದವಾಕ್ಯ ಎಂದು ನಂಬಿದ್ದೆ. ಮನೆಯಲ್ಲಿ ಹಪ್ಪಳ ಕೇಳಬೇಕಾದರೂ ಅಮ್ಮನ ಕೈರುಚಿಯಿಂದಲೇ ಶುರುಮಾಡುತ್ತಿದ್ದೆ.

ಯುರೋಪಿನಲ್ಲಿ ಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ ಅದು. ಯುಗಾದಿಗೆ ಮೊದಲು ಮದುವೆಯಾಗಿ, ಹಬ್ಬ ಮುಗಿದ ವಾರವೇ ರೈಲು ಹತ್ತಿ ಭದ್ರಾವತಿಗೆ ಬಂದೆ. ನಮ್ಮ ಯಜಮಾನರು ಕಾರ್ಖಾನೆಯ ಗೇಟಿನಲ್ಲಿ ಟೈಂಕೀಪರು. ಗುಮಾಸ್ತರ ಮನೆಗಳು ಖಾಲಿ ಇರಲಿಲ್ಲ. ಆಗುವವರೆಗೆ ಇರಲಿ ಎಂದು ಕೂಲಿಕಾರರ ಮೂರನೇ ಲೈನಿನಲ್ಲಿ ಒಂದು ಮನೆ ಕೊಟ್ಟಿದ್ದರು. ಲೈನು ಎಂದರೆ ಒಂದೇ ಹೆಂಚಿನ ಸೂರಿನ ಕೆಳಗೆ ಸಾಲಾಗಿ ಹದಿನಾರು ಮನೆ. ಒಂದು ಮನೆಯಲ್ಲಿ ಸೀನಿದರೆ ಮೂರನೇ ಮನೆಯಿಂದ "ನೂರು ವರ್ಷ" ಅನ್ನುತ್ತಿದ್ದರು. ತಮಿಳು, ತೆಲುಗು, ಕನ್ನಡ ಎಲ್ಲ ಒಟ್ಟಿಗೇ ಜಗಳವಾಡುತ್ತಿದ್ದವು, ಒಟ್ಟಿಗೇ ರಾಜಿಯಾಗುತ್ತಿದ್ದವು.

ಊರಿನ ಹಳೇ ಹೆಸರು ಬೆಂಕಿಪುರ ಅಂತೆ. ಆ ಬೇಸಿಗೆ ನೋಡಿದ ಮೇಲೆ ಹೆಸರು ಬದಲಾಯಿಸುವ ಅಗತ್ಯವೇನಿತ್ತೋ ಅನ್ನಿಸಿತು. ಮೇಲೆ ಬಿಸಿಲು, ಪಕ್ಕದಲ್ಲಿ ಕುಲುಮೆ. ನಲ್ಲಿಯ ನೀರು ಎರಡನೇ ಲೈನಿಗೆ ಬಂದು ಅಲ್ಲಿಗೇ ನಿಂತಿತ್ತು. ಅಲ್ಲಿ ನಮ್ಮ ಕೊಡ ಇಟ್ಟರೆ ಎತ್ತಿ ಬದಿಗಿಡುತ್ತಿದ್ದರು. ಅವರ ಸರದಿಯೇ ಮುಗಿಯುತ್ತಿರಲಿಲ್ಲ, ಅವರನ್ನು ದೂರಿ ಏನು ಪ್ರಯೋಜನ. ಮೂರನೇ ಲೈನಿನವರು ಭದ್ರಾ ಹೊಳೆಗೇ ಹೋಗಬೇಕಿತ್ತು. ಹೋಗುವಾಗ ಇಳಿಜಾರು, ತುಂಬಿದ ಕೊಡ ಹೊತ್ತು ಬರುವಾಗ ಏರು.

ನಮ್ಮ ಪಕ್ಕದ ಮನೆಯ ಮುನಿಯಮ್ಮ ಸೇಲಂ ಕಡೆಯವಳು. ಗಂಡ ಕುಲುಮೆಯ ಮುಂದೆ ಕೆಲಸ ಮಾಡುತ್ತಿದ್ದ. ನನಗಿಂತ ಹತ್ತು ವರ್ಷ ದೊಡ್ಡವಳಾದ್ದರಿಂದ ನಾನು ಮುನಿಯಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು ಗಿರಿಜಮ್ಮ ಎನ್ನುತ್ತಿದ್ದಳು, ಪ್ರೀತಿ ಉಕ್ಕಿದಾಗ 'ಕಣ್ಣು'. ಒಲೆ ಹೊತ್ತಿಸಲು ಬಾರದ ನನಗೆ ಒಲೆ ಹೊತ್ತಿಸಲು ಕಲಿಸಿದವಳು ಅವಳೇ. ಹಿಂದಿನ ಬೇಸಿಗೆಯಲ್ಲಿ ಅವಳು ಹೊಳೆಯ ದಂಡೆಯಲ್ಲಿ ಕೊಡದ ಸಮೇತ ಜಾರಿಬಿದ್ದು, ಐದು ತಿಂಗಳ ಬಸಿರು ಹೋಗಿತ್ತು. ಈಗ ಮತ್ತೆ ಐದು ತಿಂಗಳು. ಕೊಡ ಎತ್ತಕೂಡದು ಎಂದು ಸೂಲಗಿತ್ತಿ ಖಡಾಖಂಡಿತವಾಗಿ ಹೇಳಿ ಹೋಗಿದ್ದಳು.

"ಎತ್ಬೇಡ ಅಂತ ಹೇಳೋದು ಸುಲಭ ಗಿರಿಜಮ್ಮ. ನೀರೇನು ನಡ್ಕೊಂಡು ಬರುತ್ತಾ?" ಎಂದು ಮುನಿಯಕ್ಕ ನಗುತ್ತಿದ್ದಳು. ಲೈನಿನ ಹೆಂಗಸರು ದಿನಕ್ಕೊಬ್ಬರಂತೆ ಅವಳಿಗೆ ಎರಡು ಕೊಡ ತಂದುಕೊಡುತ್ತಿದ್ದರು. ಅವರಿಗೂ ಮಕ್ಕಳುಮರಿ, ಅವರ ಸೊಂಟವೂ ಸೊಂಟವೇ.

ಬೆಳ್ಳಿ ಲೋಟದ ಸುದ್ದಿ ಲೈನಿಗೆ ಹೇಗೆ ತಿಳಿಯಿತು ಎಂದರೆ, ನಾನೇ ಹೇಳಿದ್ದೆ. ಒಂದು ಮಧ್ಯಾಹ್ನ ಹೆಂಗಸರೆಲ್ಲ ನಮ್ಮ ಬಾಗಿಲಲ್ಲಿ ಸೇರಿದರು. ಗಂಡಸರು ನಲ್ಲಿ ಬೇಕೆಂದು ಕೇಳಿದರೆ ಕೆಲಸಕ್ಕೆ ಎಲ್ಲಿ ಕುತ್ತು ಬರುತ್ತದೋ ಎಂಬ ಭಯ. ಹೆಂಗಸರು ಕೇಳಿದರೆ ಯಾರೇನು ಅನ್ನುತ್ತಾರೆ? ಕಾಲೊನಿ ನೋಡಿಕೊಳ್ಳುವ ಸಾಹೇಬರಿಗೆ ಒಂದು ಅರ್ಜಿ ಬರೆಯಬೇಕು, ಬರೆಯಲು ನಾನೇ ಸರಿ ಎಂದು ತೀರ್ಮಾನವಾಯಿತು. ನನಗೆ ರೆಕ್ಕೆಯೇ ಬಂತು.

ಮೂರು ದಿನ ಬರೆದೆ. ಆ ಮೂರು ದಿನ ನಮ್ಮ ಮನೆಯ ಅನ್ನ ತಳಹತ್ತಿತು. ಅರ್ಜಿ ಶುರುವಾದದ್ದು ಹೀಗೆ: "ಸಕಲಸದ್ಗುಣಗಣಾಲಂಕೃತರೂ, ದೀನಜನಕಲ್ಪವೃಕ್ಷರೂ, ಭದ್ರಾನದಿಯೋಪಾದಿಯಲ್ಲಿ ನಿರಂತರವಾಗಿ ಹರಿಯುವ ಕರುಣಾಪ್ರವಾಹಕ್ಕೆ ಆಗರರೂ ಆದ ಮಹಾಶಯರ ಸನ್ನಿಧಾನಕ್ಕೆ..." ಹೀಗೆ ಒಂದು ದೊಡ್ಡ ಹಾಳೆಯ ಒಂದು ಮಗ್ಗುಲಿನ ಮುಕ್ಕಾಲು ಪಾಲು. ಕಡೆಯ ಸಾಲಿಗೆ ಬಂದಾಗ ಒಂದು ತೊಡಕು ಎದುರಾಯಿತು. 'ನಲ್ಲಿ' ಎಂದು ಬರೆಯಲು ಕೈ ಬರಲಿಲ್ಲ. ಅಷ್ಟು ದೊಡ್ಡ ಮಾತುಗಳ ಮಧ್ಯೆ ನಲ್ಲಿ, ಪೈಪು, ಲೈನು ಎಂದರೆ ರೇಷ್ಮೆ ಸೀರೆಗೆ ಗೋಣಿಯ ತೇಪೆ ಹಾಕಿದಂತೆ ಕಾಣುತ್ತಿತ್ತು. ಯೋಚಿಸಿ ಯೋಚಿಸಿ, "ಇಂತಪ್ಪ ತಮ್ಮ ಕರುಣಾಜಲದ ಒಂದು ಬಿಂದುವು ತೃತೀಯ ಪಂಕ್ತಿಯ ಅಬಲೆಯರ ಮೇಲೂ ಬೀಳಲೆಂದು ಹಾರೈಸುವ ತಮ್ಮ ವಿಧೇಯರು" ಎಂದು ಮುಗಿಸಿದೆ. ಮುಗಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹೆಂಗಸರಿಗೆ ಓದಿ ಹೇಳಿದಾಗ ಎಲ್ಲರೂ ದೇವಸ್ಥಾನದಲ್ಲಿ ಮಂತ್ರ ಕೇಳುವಂತೆ ಕೈಮುಗಿದು ಕೂತಿದ್ದರು. ಇಬ್ಬರು ಕಣ್ಣೊರೆಸಿಕೊಂಡರು. ಮುನಿಯಕ್ಕ ಮಾತ್ರ ಕೆನ್ನೆಗೆ ಕೈಕೊಟ್ಟುಕೊಂಡು, "ಚೆಂದ ಇದೆ ಕಣ್ಣು. ಇದ್ರಲ್ಲಿ ನೀರು ಎಲ್ಲಿ ಬರುತ್ತೆ?" ಅಂದಳು.

"ಕರುಣಾಜಲ ಅಂದೆನಲ್ಲ ಮುನಿಯಕ್ಕ, ಅದೇ ನೀರು."

"ಅದು ಸಾಹೇಬ್ರಿಗೆ ಗೊತ್ತಾಗುತ್ತಾ?"

"ಅವರು ಮೈಸೂರಿನವರು, ಓದಿದವರು. ಗೊತ್ತಾಗದೆ ಏನು!" ಎಂದು ಸ್ವಲ್ಪ ಬಿಗುವಾಗಿಯೇ ಹೇಳಿದೆ. ಎಲ್ಲರೂ ಸಾಲಾಗಿ ಹೆಬ್ಬೆಟ್ಟು ಒತ್ತಿದರು, ಕೆಳಗೆ ನಾನೊಬ್ಬಳು ರುಜು ಹಾಕಿದೆ.

ಎಂಟು ದಿನಕ್ಕೆ ಉತ್ತರ ಬಂತು. ಸಾಹೇಬರ ಜವಾನ ಒಂದು ದೊಡ್ಡ ತಟ್ಟೆಯ ತುಂಬ ಹಣ್ಣು ಹೊತ್ತು ತಂದ. ಜೊತೆಗೆ ಒಂದು ಕಾಗದ: ತಾವು ಇನ್ನೂ ಏನೂ ಮಾಡಿಲ್ಲದಿದ್ದರೂ ಕಾಲೊನಿಯ ಸೋದರಿಯರು ಇಷ್ಟು ಅಭಿಮಾನದಿಂದ ಬಿನ್ನವತ್ತಳೆ ಅರ್ಪಿಸಿದ್ದು ಕಂಡು ಹೃದಯ ತುಂಬಿ ಬಂತಂತೆ, ಇಂಥ ಕನ್ನಡ ಓದಿ ವರ್ಷಗಳಾಗಿತ್ತಂತೆ. ನಮ್ಮ ಸೀಮೆಯಲ್ಲಿ ಅಧಿಕಾರಿ ಬಂದರೂ ಹೊಗಳಿ ಓದುವ ಒಂದು ಬಿನ್ನವತ್ತಳೆ, ಹೋದರೂ ಬಿನ್ನವತ್ತಳೆ. ಜ್ವರ ಬಿಟ್ಟು ಎದ್ದರೂ ಒಂದು ಬಿನ್ನವತ್ತಳೆ ಓದುವ ಕಾಲ ಅದು. ನನ್ನ ಅರ್ಜಿಯನ್ನೂ ಹಾಗೆಯೇ ಅವರು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸಂಜೆ ಯಜಮಾನರು ಮನೆಗೆ ಬಂದವರು ಟೋಪಿ ತೆಗೆಯದೆ ಗೋಡೆಗೊರಗಿ ನಕ್ಕರು. "ಏನೇ ಮಾರಾಯ್ತಿ, ನಿನ್ನ ಅರ್ಜಿಗೆ ಗಿಲೀಟಿನ ಚೌಕಟ್ಟು ಹಾಕ್ಸಿ ಆಫೀಸಿನ ಗೋಡೆ ಮೇಲೆ ತೂಗ್‌ಹಾಕಿದಾರೆ. ಬಂದೋರಿಗೆಲ್ಲ ಓದಿ ಹೇಳ್ತಿದಾರಂತೆ. ನಿಮ್ಮ ಪಂಡಿತರ ಊಟದಲ್ಲಿ ಸಾಹೇಬರು ಪಾಯಸಕ್ಕೇ ಎದ್ದುಬಿಟ್ರು, ಮಜ್ಜಿಗೆವರೆಗೂ ಕೂರಲೇ ಇಲ್ಲ!"

ಹಣ್ಣನ್ನು ಲೈನಿಗೆಲ್ಲ ಹಂಚಿದೆವು. ಮನೆಗೆ ಎರಡು ಬಾಳೆಹಣ್ಣು, ಒಂದು ಕಿತ್ತಳೆ ಬಂತು. "ಹಣ್ಣು ಬಂತು, ತೊಳ್ಯಕ್ಕೆ ನೀರಿಲ್ಲ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಹೊತ್ತಿಗೆ ನನಗೆ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಚೌಕಟ್ಟು ಹಾಕಿಸಿದ್ದಾರೆ ಅಂದರೆ ಸುಮ್ಮನೆಯೇ?

ಹೆಮ್ಮೆ ಇಳಿದದ್ದು ಎರಡು ದಿನದ ನಂತರ. ಬೆಳಿಗ್ಗೆ ಕೊಡ ಹಿಡಿದು ಹೊಳೆಗೆ ಹೊರಟವಳು ಏರುದಾರಿಯ ಅರ್ಧದಲ್ಲಿ ಮುನಿಯಕ್ಕನನ್ನು ಕಂಡೆ. ಒಂದು ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ತುಂಬಿದ ಕೊಡ. ಒಂದು ಕೈ ಹೊಟ್ಟೆಯ ಮೇಲೆ, ಮುಖವೆಲ್ಲ ಬೆವರು. ದಿನಾ ಬೇರೆಯವರ ಕೈಯಲ್ಲಿ ನೀರು ತರಿಸಲು ಮನಸ್ಸೊಪ್ಪದೆ ಯಾರಿಗೂ ಹೇಳದೆ ಎದ್ದು ಬಂದಿದ್ದಳು. ನನ್ನನ್ನು ಕಂಡು ನಗಲು ನೋಡಿದಳು, ಆಗಲಿಲ್ಲ.

"ಏನಿಲ್ಲ ಕಣ್ಣು, ಸ್ವಲ್ಪ ಉಸಿರು. ಯಾರಿಗೂ ಹೇಳ್ಬೇಡ" ಅಂದಳು.

ನನಗೆ ಅಳು ಬಂತು. ಅವಳ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡೆ. ಅವಳನ್ನು ಕೈಹಿಡಿದು ನಡೆಸಿಕೊಂಡು ಬರುವಾಗ ಆ ಕೊಡದ ಭಾರ ನನಗೆ ಮೊದಲ ಸಲ ಗೊತ್ತಾಯಿತು. ಅವಳು ಕೇಳಿದ್ದು ಒಂದೇ ಪ್ರಶ್ನೆ, ನೀರು ಎಲ್ಲಿ ಬರುತ್ತೆ ಎಂದು. ಅದಕ್ಕೆ ಸರಿಯಾಗಿ ಉತ್ತರ ಕೊಡದೆ ಬಿಗುಮಾನ ತೋರಿಸಿದ್ದೆ. ಈ ಮಗುವೂ ಹೋದರೆ? ಅವಳನ್ನು ಮನೆಯಲ್ಲಿ ಮಲಗಿಸಿ, ಎರಡನೇ ಲೈನಿನ ನಲ್ಲಿಯಿಂದ ಅವಳ ಹೊಸ್ತಿಲವರೆಗೆ ಹೆಜ್ಜೆ ಹಾಕಿ ಎಣಿಸಿದೆ. ಎಂಬತ್ತು ಹೆಜ್ಜೆ.

ಸಾಹೇಬರ ಹತ್ತಿರ ನಾವೇ ಹೋಗಿ ಹೇಳುವುದೆಂದು ಆಯಿತು. ಹುಟ್ಟುಗುಣ ಬಿಡುತ್ತದೆಯೇ, ನಾನು ಮತ್ತೆ ಭಾಷಣ ತಯಾರುಮಾಡಿದೆ. ಯಜಮಾನರನ್ನು ಮಣೆಯ ಮೇಲೆ ಸಾಹೇಬರಂತೆ ಕೂರಿಸಿ ಒಪ್ಪಿಸತೊಡಗಿದೆ. ಅವರು ಜೇಬಿನಿಂದ ಗಡಿಯಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಏಳು ನಿಮಿಷ ಆಯ್ತು. ಇನ್ನೂ ನೀರು ಬಂದಿಲ್ಲ."

"ಸ್ವಲ್ಪ ತಾಳಿ, ವಿನಯ ಮುಗೀಲಿ."

"ನೋಡು ಗಿರಿಜಾ, ಗೇಟಿನ ಹತ್ರ ಬೆಂಕಿ ಬಿದ್ರೆ ನಾನು 'ಹೇ ಅಗ್ನಿದೇವನೇ' ಅಂತ ಶುರು ಮಾಡ್ಲಾ? 'ಬೆಂಕಿ, ಓಡಿ' ಅಂತೀನಿ. ನಿನಗೆ ಏನು ಬೇಕೋ ಅದನ್ನ ಹೇಳು. ಯಾಕೆ ಬೇಕು ಅನ್ನೋದನ್ನ ಹೇಳು. ಎದ್ದು ಬಾ."

ಹೈಸ್ಕೂಲು ದಾಟದ ಟೈಂಕೀಪರು ನನಗೆ ಪಾಠ ಹೇಳುವುದೇ ಎಂದು ಸಿಟ್ಟು ಬಂತು. ಸಿಟ್ಟಿನಲ್ಲಿ ನಿದ್ದೆಯೂ ಬಂತು. ಬೆಳಿಗ್ಗೆ ಏಳುವಾಗ ಮಾತ್ರ ಅವರ ಮಾತೇ ತಲೆಯಲ್ಲಿತ್ತು.

ಆಫೀಸಿಗೆ ನಾವು ಐದು ಜನ ಹೋದೆವು. ಮುನಿಯಕ್ಕ ಬರಬೇಡವೆಂದರೂ ಬಂದಳು, ಬರುವಾಗ ಸೊಂಟದ ಮೇಲೆ ತನ್ನ ಖಾಲಿ ಹಿತ್ತಾಳೆ ಕೊಡ ಇಟ್ಟುಕೊಂಡೇ ಬಂದಳು. ಅದು ಯಾಕೆಂದು ಯಾರೂ ಕೇಳಲಿಲ್ಲ; ಲೈನಿನ ಹೆಂಗಸರಿಗೆ ಕೊಡವಿಲ್ಲದೆ ನಡೆದು ರೂಢಿಯೇ ಇರಲಿಲ್ಲ. ಬಾಗಿಲಲ್ಲಿ ಜವಾನ ಹೌಹಾರಿದ.

"ಏ, ಏ! ಖಾಲಿ ಕೊಡ ಎದುರಿಗೆ ತರ್ತೀಯಲ್ಲಮ್ಮ, ಬುದ್ಧಿ ಇಲ್ವಾ? ಸಾಹೇಬ್ರು ಈಗ ರೌಂಡಿಗೆ ಹೊರಟಿದಾರೆ. ಅಪಶಕುನ! ತುಂಬಿದ ಕೊಡ ಆದ್ರೆ ತಾ, ಇಲ್ಲ ಅಂದ್ರೆ ಆಚೆ ಇಟ್ಟು ಬಾ."

ಅಷ್ಟರಲ್ಲಿ ಸಾಹೇಬರೇ ಹೊರಗೆ ಬಂದರು. ಜರಿಯಂಚಿನ ಪೇಟ, ಹಣೆಯಲ್ಲಿ ಸಣ್ಣ ನಾಮ, ಸೌಮ್ಯ ಮುಖ. ಮುನಿಯಕ್ಕ ಜವಾನನ ಕಡೆ ನೋಡಲಿಲ್ಲ. ಕೊಡವನ್ನು ಸಾಹೇಬರ ಮುಂದೆಯೇ ನೆಲಕ್ಕಿಟ್ಟು ಕೈಮುಗಿದಳು.

"ತುಂಬ್ಸಕ್ಕೆ ನಲ್ಲಿ ಇದ್ದಿದ್ರೆ ತುಂಬ್ಕೊಂಡೇ ಬರ್ತಿದ್ದೆ ಸಾಮಿ" ಅಂದಳು.

ಸಾಹೇಬರು ಕೊಡ ನೋಡಿದರು, ಅವಳ ಹೊಟ್ಟೆ ನೋಡಿದರು, ಆಮೇಲೆ ನನ್ನನ್ನು. ಈಗ ನಾನು ಬಾಯಿ ತೆಗೆಯಬೇಕು. ನಾಲಗೆಯ ತುದಿಯಲ್ಲಿ 'ಸಕಲಸದ್ಗುಣ' ಬಂದು ಕೂತಿತ್ತು. ಅದನ್ನು ನುಂಗಿಕೊಂಡೆ.

"ಸ್ವಾಮಿ, ಮೂರನೇ ಲೈನಿಗೆ ಒಂದು ನಲ್ಲಿ ಬೇಕು. ಎರಡನೇ ಲೈನಿನಲ್ಲಿ ಪೈಪು ನಿಂತಿದೆ, ಅಲ್ಲಿಂದ ನಮ್ಮ ಬಾಗಿಲಿಗೆ ಎಂಬತ್ತು ಹೆಜ್ಜೆ. ಹೊಳೆ ಅರ್ಧ ಮೈಲಿ. ಹೋದ ವರ್ಷ ಈಕೆ ಕೊಡ ಹೊತ್ತು ಜಾರಿಬಿದ್ದು ಮಗು ಹೋಯಿತು. ಈಗ ಮತ್ತೆ ಬಸುರಿ. ಈ ಸಲ ಮಗು ಉಳೀಬೇಕು."

ಇಷ್ಟೇ. ಇನ್ನೊಂದು ಮಾತು ಸೇರಿಸಲು ಹೋಗಿದ್ದರೆ ಅತ್ತುಬಿಡುತ್ತಿದ್ದೆ.

ಸಾಹೇಬರು ನಮ್ಮನ್ನು ಒಳಗೆ ಕರೆದರು, ಖಾಲಿ ಕೊಡವನ್ನೂ ಸೇರಿಸಿ. ಗೋಡೆಯ ಮೇಲೆ ಗಿಲೀಟಿನ ಚೌಕಟ್ಟು ಹೊಳೆಯುತ್ತಿತ್ತು. "ಇದನ್ನು ಬರೆದವರು ನೀವೇ ಅಲ್ಲವೇ ತಾಯಿ? ಆಗಲೇ ಇದನ್ನೂ ಒಂದು ಮಾತು ಬರೆಯಬಾರದಿತ್ತೇ?" ಎಂದು ಕೇಳಿದರು.

"ಬರೆದಿದ್ದೇನೆ ಸ್ವಾಮಿ. ಕಡೆಯ ಸಾಲು" ಅಂದೆ.

ಅವರು ಕನ್ನಡಕ ಏರಿಸಿಕೊಂಡು ಚೌಕಟ್ಟಿನ ಹತ್ತಿರ ಹೋಗಿ, "ಕರುಣಾಜಲದ ಒಂದು ಬಿಂದುವು... ತೃತೀಯ ಪಂಕ್ತಿಯ..." ಎಂದು ಗಟ್ಟಿಯಾಗಿ ಓದಿದರು. ಬೆರಳಿಟ್ಟು ಅದೇ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಪೇಟ ವಾರೆಯಾಗುವಷ್ಟು ನಕ್ಕರು. "ದಿನಾ ಎರಡು ಸಲ ಓದ್ತಿದೀನಿ ತಾಯಿ! ತೃತೀಯ ಪಂಕ್ತಿ ಅಂದ್ರೆ ಯಾವುದೋ ಭಜನಾಮಂಡಳಿ ಅಂದ್ಕೊಂಡಿದ್ದೆ!" ಮುನಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕುಲು ನಕ್ಕಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಆಮೇಲೆ ಅರ್ಧ ಹಾಳೆ ಕೊಟ್ಟು, "ಈಗ ಬಾಗಿಲಲ್ಲಿ ಹೇಳಿದ್ದನ್ನೇ ಬರೆದುಕೊಡಿ, ಒಂದಕ್ಷರ ಹೆಚ್ಚು ಬೇಡ" ಅಂದರು. ಅವರ ಮೇಜಿನ ಮೂಲೆಯಲ್ಲೇ ನಿಂತು ಬರೆದೆ.

ಮುಂಗಾರಿಗೆ ಮೊದಲು ಪೈಪು ಬಂತು. ಮಣ್ಣು ಅಗೆದ ಎಂಬತ್ತು ಹೆಜ್ಜೆಯ ಉದ್ದಕ್ಕೂ ಮಕ್ಕಳು ಕುಣಿದಾಡಿದರು. ನಲ್ಲಿ ತಿರುಗಿಸಿದಾಗ ಮೊದಲು ಗಾಳಿ ಕೆಮ್ಮಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಮೊದಲ ಕೊಡ ಮುನಿಯಕ್ಕನದು. ತುಂಬಿದ ಮೇಲೆ ಎತ್ತಿಕೊಂಡದ್ದು ನಾನು. ಶ್ರಾವಣದ ಮಳೆಯಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ಅದು ಅತ್ತರೆ ಹದಿನಾರು ಮನೆಗೂ ಕೇಳಿಸುತ್ತಿತ್ತು. "ನಮ್ ಗಿರಿಜಮ್ಮನ ಥರ ಭಾಷಣ ಮಾಡುತ್ತೆ, ಆದ್ರೆ ಇದು ಏನ್ ಕೇಳುತ್ತೆ ಅಂತ ಗೊತ್ತಾಗುತ್ತೆ" ಎಂದು ಮುನಿಯಕ್ಕ ಊರಿಗೆಲ್ಲ ಹೇಳಿಕೊಂಡು ಬಂದಳು.

ದಸರಾ ಕಳೆದ ಮೇಲೆ ಸಾಹೇಬರಿಗೆ ಮೈಸೂರಿಗೆ ವರ್ಗವಾಯಿತು. ಲೈನಿನವರು ಈ ಸಲ ನಿಜವಾಗಿಯೇ ಒಂದು ಬಿನ್ನವತ್ತಳೆ ಕೊಡಬೇಕೆಂದರು. ನಾನು ಹಾಳೆ ಹಿಡಿದುಕೊಂಡು ಮೊದಲು ಮುನಿಯಕ್ಕನ ಮನೆಗೆ ಹೋದೆ. ಅವಳು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು.

"ಏನಂತ ಬರೀಲಿ ಮುನಿಯಕ್ಕ?"

ತಲೆ ಎತ್ತದೆಯೇ ಹೇಳಿದಳು: "ನೀರು ಬಂತು, ನಿಮ್ ಹೊಟ್ಟೆ ತಣ್ಣಗಿರ್ಲಿ ಅಂತ ಬರೀ."

ಅಷ್ಟನ್ನೇ ದಪ್ಪ ಅಕ್ಷರದಲ್ಲಿ ಬರೆದೆ. ಬೀಳ್ಕೊಡುವ ಸಭೆಯಲ್ಲಿ ಉಳಿದವರೆಲ್ಲ ಹಾರ ಹಾಕಿ ಬಹಳ ಹೊತ್ತು ಮಾತನಾಡಿದರು. ನನ್ನ ಸರದಿ ಬಂದಾಗ ಎದ್ದು ಆ ಒಂದು ಸಾಲು ಓದಿ ಕೂತೆ. ಹಿಂದಿನ ಸಾಲಿನಲ್ಲಿದ್ದ ಯಜಮಾನರು ಗಡಿಯಾರ ಎತ್ತಿ ತೋರಿಸಿ ಕಣ್ಣರಳಿಸಿದರು. ಸಭೆಯೆಲ್ಲ ನಕ್ಕಿತು, ಸಾಹೇಬರು ಮಾತ್ರ ನಗದೆ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮಾರನೆಯ ದಿನ ಜವಾನ ನಮ್ಮ ಮನೆಗೆ ಬಂದು ಸುರುಳಿ ಸುತ್ತಿದ ಒಂದು ಕಾಗದ ಕೊಟ್ಟುಹೋದ. ಅದು ನನ್ನ ಹಳೆಯ ಅರ್ಜಿ.

ಶಿವಣ್ಣನ ಅರ್ಜಿಯನ್ನು ನಿನ್ನೆ ಬರೆದುಕೊಟ್ಟೆ. ದೀಪ ಯಾವ ಮೂಲೆಯದು, ಕೆಟ್ಟು ಎಷ್ಟು ದಿನವಾಯಿತು, ಅದರಿಂದ ಅವನಿಗೇನು ತೊಂದರೆ, ಏನು ಮಾಡಬೇಕು. ನಾಲ್ಕು ಸಾಲು. ಅವನು ಹಾಳೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

"ಇಷ್ಟೇನಾ ಅಮ್ಮಾ?" ಅಂದ. ಮುಖ ಬಾಡಿತ್ತು.

ಒಳಗೆ ಹೋಗಿ ಟ್ರಂಕಿನ ತಳದಿಂದ ಆ ಹಳದಿಯಾದ ಕಾಗದ ತಂದು, ಅವನ ಗಾಡಿಯ ಪಕ್ಕ ನಿಂತು 'ಸಕಲಸದ್ಗುಣ'ದಿಂದ ಹಿಡಿದು ಕರುಣಾಪ್ರವಾಹದವರೆಗೆ ಓದಿದೆ. ಶಿವಣ್ಣ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದವನು ಕೆಳಗಿಡುವುದನ್ನೇ ಮರೆತ.

"ಅಬ್ಬಬ್ಬಾ! ಇಂಥದ್ದು ಬೇಕಮ್ಮ ನಂಗೆ! ಇದನ್ನ ಯಾರಾದ್ರೂ ಫ್ರೇಮ್ ಹಾಕ್ಸಿ ಇಟ್ಕೋಬೇಕು!"

"ಹಾಕ್ಸಿದ್ರು" ಅಂದೆ. ಅಂದು, ಕಾಗದವನ್ನು ತಿರುಗಿಸಿ, ಬೆನ್ನಿನ ಮೇಲೆ ಸಾಹೇಬರು ತಮ್ಮ ಕೈಯಾರೆ ಬರೆದಿದ್ದ ಎರಡು ಸಾಲನ್ನೂ ಅವನಿಗೆ ಓದಿ ಹೇಳಿದೆ: "ತಾಯಿ, ನನ್ನಲ್ಲಿ ಇರುವುದು ಒಂದೇ ಚೌಕಟ್ಟು. ಅದಕ್ಕೆ ಹೊಸದನ್ನು ಹಾಕಿಕೊಂಡಿದ್ದೇನೆ."